ಡಿಸ್ಚಾರ್ಜ್ ಚೀಟಿಯ ಮೂರನೇ ಹಾಳೆ

"ಆ ಮೂರನೇ ಹಾಳೆ ತೆಗೆದಿಟ್ಕಳಪ್ಪ. ಅದನ್ನ ತೋರಿಸಿದ್ರೆ ಯಾವ ಆಸ್ಪತ್ರೆಯೋರೂ ಸೇರಿಸ್ಕಳಲ್ಲ."

ಇದನ್ನು ಹೇಳಿದ್ದು ನಮ್ಮ ಸೋದರಮಾವ. ಹೋದ ತಿಂಗಳು ಚನ್ನಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಮ್ಮ ಕೊಟ್ಟ ಕಾಫಿ ಆರುವಷ್ಟು ಹೊತ್ತು ಇದೇ ಚರ್ಚೆ ನಡೀತು. ನಾನು ಎರಡು ದಿನ ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದೆ. ಅಪ್ಪನ ಹೊಟ್ಟೆಯ ಹಳೇ ಆಪರೇಷನ್ ಗಾಯದ ಜಾಗದಲ್ಲಿ ಹರ್ನಿಯಾ ಆಗಿತ್ತು. ಮತ್ತೊಂದು ಆಪರೇಷನ್ ಆಗಬೇಕು, ಮತ್ತೊಂದು ಆಸ್ಪತ್ರೆ ನೋಡಬೇಕು. ಮಾವ ತೆಗೆದಿಡು ಅಂದ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ರಕ್ತದ ಕಲ್ಚರ್‌ನಲ್ಲಿ ಕ್ಯಾಂಡಿಡಾ ಆರಿಸ್.

ಮಾವ ಕೆಟ್ಟವರಲ್ಲ. ಹೋದ ವರ್ಷ ಅಪ್ಪ ಐಸಿಯುನಲ್ಲಿದ್ದಾಗ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಒಂಬತ್ತು ರಾತ್ರಿ ಮಲಗಿದವರು ಅವರೇ. ಅವರ ಮಾತನ್ನು ಸುಮ್ಮನೆ ತಳ್ಳಿಹಾಕೋ ಹಾಗಿರಲಿಲ್ಲ.

ಮೊದಲು ಹೋದ ವರ್ಷದ ಕಥೆ ಹೇಳ್ತೀನಿ. ಅಪ್ಪನಿಗೆ ಕರುಳು ತೂತಾಗಿ, ಹೊಟ್ಟೆ ತುಂಬ ಸೋಂಕು ಹರಡಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ತಡಮಾಡದೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಅದೇ ರಾತ್ರಿ ಆಪರೇಷನ್. ಆಮೇಲೆ ವೆಂಟಿಲೇಟರ್, ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್, ಮೂತ್ರದ ಪೈಪು, ಒಂದರ ಮೇಲೊಂದು ಆ್ಯಂಟಿಬಯಾಟಿಕ್. ಹನ್ನೆರಡನೇ ದಿನ ಜ್ವರ ಇಳಿದು ಬಚಾವಾದೆವು ಅಂದುಕೊಂಡೆವು. ಹದಿನಾಲ್ಕನೇ ದಿನ ಮತ್ತೆ ಜ್ವರ ಏರಿತು.

ರಕ್ತದ ಕಲ್ಚರ್ ಮೊದಲ ರಿಪೋರ್ಟ್‌ನಲ್ಲಿ ಕ್ಯಾಂಡಿಡಾ ಹೀಮುಲೋನಿ ಅಂತ ಇತ್ತು. ಐಸಿಯು ಡಾಕ್ಟರಮ್ಮ ಅದನ್ನು ನೋಡಿ, "ಯೀಸ್ಟ್ ಗುರುತಿಸೋ ಮಷಿನ್ ಕೆಲವು ಸಲ ಹೆಸರು ತಪ್ಪಾಗಿ ಹೇಳುತ್ತೆ, ಬೇರೆ ಲ್ಯಾಬಿಗೆ ಕಳಿಸ್ತೀನಿ" ಅಂದರು. ಅಲ್ಲಿ ಯೀಸ್ಟಿನ ಪ್ರೋಟೀನುಗಳನ್ನು ತೂಗಿ ಹೆಸರು ಹೇಳೋ ಬೇರೆ ಥರದ ಮಷಿನ್ ಇದೆಯಂತೆ. ಮೂರು ದಿನದ ಮೇಲೆ ಹೆಸರು ಬದಲಾಗಿ ಬಂತು. ಕ್ಯಾಂಡಿಡಾ ಆರಿಸ್. ಹೆಸರು ಬದಲಾದ ಕೂಡಲೇ ಅಪ್ಪನನ್ನು ಮೂಲೆಯ ಕೋಣೆಗೆ ಸಾಗಿಸಿದರು. ಒಳಗೆ ಹೋಗೋರೆಲ್ಲ ಗೌನು, ಗ್ಲೌಸು ಹಾಕಬೇಕಾಯ್ತು.

ನಾವು ಯೀಸ್ಟ್ ಅಂದರೆ ದೋಸೆ ಹಿಟ್ಟು, ಬ್ರೆಡ್ಡು ಅಂದುಕೊಳ್ತೀವಿ. ಇದೂ ಅದೇ ಜಾತಿಯ, ಒಂದೇ ಕೋಶದ ಶಿಲೀಂಧ್ರ. ಕ್ಯಾಂಡಿಡಾ ಕುಟುಂಬದ ಹಲವು ಯೀಸ್ಟುಗಳು ನಮ್ಮ ಬಾಯಿ, ಕರುಳು, ಚರ್ಮದಲ್ಲಿ ಸುಮ್ಮನೆ ಇರುತ್ತವೆ. ಆರೋಗ್ಯವಾಗಿದ್ದಾಗ ತೊಂದರೆ ಇಲ್ಲ. ಆದರೆ ಕರುಳು ಹರಿದಾಗ, ಆ್ಯಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾಗಳನ್ನೆಲ್ಲ ಗುಡಿಸಿ ಜಾಗ ಖಾಲಿ ಮಾಡಿಕೊಟ್ಟಾಗ, ಚರ್ಮ ದಾಟಿ ಒಂದು ಪೈಪು ನೇರ ರಕ್ತಕ್ಕೆ ಹೋಗಿದ್ದಾಗ, ಅವು ರಕ್ತ ಸೇರಬಹುದು. ಅಪ್ಪನಿಗೆ ಈ ಮೂರೂ ಇದ್ದವು.

ಇದೇನು ಅಪರೂಪದ ಕಥೆಯಲ್ಲ. ಚಂಡೀಗಢದ ಪಿಜಿಐನ ಡಾ. ಅರುಣಾಲೋಕ ಚಕ್ರವರ್ತಿಯವರ ತಂಡ 2011ರ ಏಪ್ರಿಲ್‌ನಿಂದ 2012ರ ಸೆಪ್ಟೆಂಬರ್‌ವರೆಗೆ ದೇಶದ 27 ಐಸಿಯುಗಳನ್ನು ಗಮನಿಸಿತ್ತು. ಐಸಿಯುನಲ್ಲೇ ರಕ್ತಕ್ಕೆ ಕ್ಯಾಂಡಿಡಾ ತಗುಲಿದ 1400 ರೋಗಿಗಳು ಸಿಕ್ಕರು. ಅಂದರೆ ದಾಖಲಾದ ಪ್ರತಿ 1000 ಜನರಲ್ಲಿ ಆರೂವರೆ. ತಿಂಗಳೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 45. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಕ್ಯಾಂಡಿಡಾ ಟ್ರಾಪಿಕಾಲಿಸ್. ಆರಿಸ್ ಆಗ ನೂರಕ್ಕೆ ಐದರಷ್ಟು. ಆದರೆ ಆ ಐದು 27ರಲ್ಲಿ 19 ಐಸಿಯುಗಳಲ್ಲಿ ಹರಡಿಕೊಂಡಿತ್ತು.

ಈ ಅಂಕಿಗಳನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಫೋನಲ್ಲಿ ಓದಿದೆ. ಮನೆಯವರಿಗೆ ಹೇಳಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಬೇರೆ ಪ್ರಶ್ನೆ ಎದ್ದಿತ್ತು. ಇದು ಎಲ್ಲಿಂದ ಬಂತು? ಅತ್ತೆ ಒಂದು ಮಾತು ಆಡಿಬಿಟ್ಟರು. "ಐಸಿಯು ಒಳಗೆ ಹೋಗಿ ಅಣ್ಣನ ಹಣೆಗೆ ವಿಭೂತಿ ಹಚ್ಚಿ ಬಂದ್ಯಲ್ಲ, ಅದರಿಂದನೇ ಇರಬೇಕು." ಅಮ್ಮ ಅವತ್ತು ಊಟ ಮಾಡಲಿಲ್ಲ. ಆಮೇಲೂ ವಾರಕ್ಕೊಂದು ಸಲ ನನ್ನನ್ನು ಕೇಳೋಳು, "ವಿಭೂತಿಯಿಂದ ಬಂದಿರಬಹುದೇನೋ?"

ನಾನು ಸಾಫ್ಟ್‌ವೇರ್ ಇಂಜಿನಿಯರ್. ಏನಾದರೂ ಕೆಟ್ಟರೆ ಮೂಲ ಹುಡುಕದೆ ನಿದ್ದೆ ಬರಲ್ಲ. ಒಂದೇ ಬಗ್ ಎರಡು ಸರ್ವರ್‌ಗಳಲ್ಲಿ ಕಂಡರೆ, ಎರಡಕ್ಕೂ ಒಂದೇ ಕೋಡ್ ಹೋಗಿದೆಯೋ ಅಥವಾ ಅವು ಬೇರೆಬೇರೆ ಬಗ್ಗುಗಳೋ ಅಂತ ಮೊದಲು ನೋಡ್ತೀವಿ. ಯೀಸ್ಟಿಗೂ ಹಾಗೆ ನೋಡೋಕಾಗಲ್ವಾ? ಆಗುತ್ತೆ. ಅದಕ್ಕೆ ಜೀನೋಟೈಪಿಂಗ್ ಅಂತಾರೆ. ವಂಶವಾಹಿ ನೋಡಿ ತಳಿ ಗುರುತಿಸೋದು.

ಲ್ಯಾಬ್ ರಿಪೋರ್ಟಿನಲ್ಲಿ ಬರೋದು ಜಾತಿಯ ಹೆಸರು ಮಾತ್ರ. ಒಬ್ಬ ಮನುಷ್ಯನ ಬಗ್ಗೆ "ಅವನು ಚನ್ನಗಿರಿಯವನು" ಅಂದ ಹಾಗೆ. ತಳಿ ಗುರುತಿಸೋದು ಅಂದರೆ ಅವನ ಮನೆ, ಅಪ್ಪ, ಅಜ್ಜ ಯಾರು ಅಂತ ಪತ್ತೆಮಾಡೋದು. ಕ್ಯಾಂಡಿಡಾ ಆರಿಸ್‌ನ ಡಿಎನ್‌ಎಯಲ್ಲಿ ಸುಮಾರು 1.25 ಕೋಟಿ ಅಕ್ಷರಗಳಿವೆ. ಅದು ಒಂದರಿಂದ ಎರಡಾಗುವಾಗ ಇಷ್ಟನ್ನೂ ನಕಲು ಮಾಡಬೇಕು. ನಕಲು ಮಾಡುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತೆ. ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತೆ. ಗಿಟ್ ಬಳಸೋರಿಗೆ ಇದು ಥಟ್ಟನೆ ಅರ್ಥವಾಗುತ್ತೆ, ಪ್ರತಿ ತಪ್ಪೂ ಒಂದು ಕಮಿಟ್. ಇಬ್ಬರು ರೋಗಿಗಳ ಯೀಸ್ಟುಗಳಲ್ಲಿ ಬೆರಳೆಣಿಕೆಯಷ್ಟು ಅಕ್ಷರ ಮಾತ್ರ ಬೇರೆ ಇದ್ದರೆ ಅವು ಇತ್ತೀಚೆಗಷ್ಟೇ ಬೇರೆಯಾದವು, ಒಬ್ಬರಿಂದ ಇನ್ನೊಬ್ಬರಿಗೆ ಅಥವಾ ಇಬ್ಬರಿಗೂ ಒಂದೇ ಕಡೆಯಿಂದ ಬಂದಿರೋ ಸಾಧ್ಯತೆ ಹೆಚ್ಚು. ಸಾವಿರಗಟ್ಟಲೆ ಬೇರೆ ಇದ್ದರೆ ಅವಕ್ಕೂ ಇವಕ್ಕೂ ಸಂಬಂಧ ಇಲ್ಲ.

ಪೂರ್ತಿ 1.25 ಕೋಟಿ ಓದಲೇಬೇಕು ಅಂತಿಲ್ಲ. ಡಿಎನ್‌ಎಯಲ್ಲಿ ಕೆಲವು ಕಡೆ ಒಂದೇ ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತೆ. ಒಂದು ತಳಿಯಲ್ಲಿ ಎಂಟು ಸಲ ಇದ್ದರೆ ಇನ್ನೊಂದರಲ್ಲಿ ಹನ್ನೊಂದು ಸಲ. ಅಂಥ ಕೆಲವು ಜಾಗಗಳನ್ನಷ್ಟೇ ಎಣಿಸಿ ಹೋಲಿಸೋ ಅಗ್ಗದ ವಿಧಾನವೂ ಇದೆ.

ಈ ಕ್ಯಾಂಡಿಡಾ ಆರಿಸ್‌ಗೆ ಹೆಸರಿಟ್ಟಿದ್ದು 2009ರಲ್ಲಿ, ಜಪಾನಿನಲ್ಲಿ. ಒಬ್ಬ ವೃದ್ಧೆಯ ಕಿವಿಯಲ್ಲಿ ಸಿಕ್ಕಿತ್ತು. ಆರಿಸ್ ಅಂದರೆ ಲ್ಯಾಟಿನ್‌ನಲ್ಲಿ ಕಿವಿ. ಅಲ್ಲಿ ಪಾಪದ ಪ್ರಾಣಿಯ ಹಾಗೆ ಕಂಡಿದ್ದು ನಮ್ಮಲ್ಲಿ ಬೇರೆಯೇ ರೂಪ ತೋರಿಸಿತು. ದೆಹಲಿ ವಿಶ್ವವಿದ್ಯಾಲಯದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ಡಾ. ಅನುರಾಧಾ ಚೌಧರಿ ಮತ್ತು ಸಂಗಡಿಗರು 2013ರಲ್ಲಿ ದೆಹಲಿಯ ಎರಡು ಆಸ್ಪತ್ರೆಗಳ 12 ರೋಗಿಗಳ ಯೀಸ್ಟ್‌ಗಳನ್ನು ಹೋಲಿಸಿ ನೋಡಿದರು. ಹನ್ನೆರಡೂ ಒಂದೇ ತಳಿ. ಜಪಾನ್, ದಕ್ಷಿಣ ಕೊರಿಯಾದ ತಳಿಗಳಿಗಿಂತ ಬೇರೆ. ಮೇಲಾಗಿ ಎಲ್ಲರೂ ಬಳಸೋ ಫ್ಲುಕೊನಜೋಲ್ ಮಾತ್ರೆಗೆ ಬಗ್ಗದ್ದು. ಬೇರೆಬೇರೆ ಆಸ್ಪತ್ರೆಯ 12 ಜನರಲ್ಲಿ ಒಂದೇ ತಳಿ ಅಂದರೆ ಏನರ್ಥ? ಪ್ರತಿಯೊಬ್ಬರೂ ಅದನ್ನು ತಮ್ಮ ಕರುಳಿನಲ್ಲಿ ಮನೆಯಿಂದ ಹೊತ್ತು ತಂದಿರೋದು ಕಷ್ಟ. ಅದು ಹರಡ್ತಾ ಇದೆ.

ಆಮೇಲೆ 2017ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಪೂರ್ತಿ ಡಿಎನ್‌ಎ ಓದಿ ನೋಡಿದಾಗ ನಾಲ್ಕು ಬೇರೆಬೇರೆ ವಂಶಗಳು ಕಂಡವು. ದಕ್ಷಿಣ ಏಷ್ಯಾದ್ದು, ಪೂರ್ವ ಏಷ್ಯಾದ್ದು, ಆಫ್ರಿಕಾದ್ದು, ದಕ್ಷಿಣ ಅಮೆರಿಕದ್ದು. ವಂಶ ವಂಶದ ನಡುವೆ ಹತ್ತಾರು ಸಾವಿರ ಅಕ್ಷರಗಳ ವ್ಯತ್ಯಾಸ, ಒಂದೇ ವಂಶದೊಳಗೆ ತೀರಾ ಕಡಿಮೆ. ವಿಮಾನ ಹತ್ತಿ ಒಂದೇ ಕಡೆಯಿಂದ ಜಗತ್ತೆಲ್ಲ ಹಬ್ಬಿದ್ದಲ್ಲ, ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಹಲವು ಕಡೆ ತಲೆಯೆತ್ತಿದೆ. ಅದಾದ ಮೇಲೆ ಇನ್ನೂ ಎರಡು ವಂಶಗಳು ಪತ್ತೆಯಾಗಿವೆ.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಆಕ್ಸ್‌ಫರ್ಡ್‌ನ ಪ್ರಕರಣ. ಅಲ್ಲಿನ ಒಂದು ನರರೋಗ ಐಸಿಯುನಲ್ಲಿ 2015ರಿಂದ 2017ರವರೆಗೆ 70 ರೋಗಿಗಳಲ್ಲಿ ಈ ಯೀಸ್ಟ್ ಕಂಡಿತು. ಹೆಚ್ಚಿನವರಿಗೆ ಬರೀ ಚರ್ಮದ ಮೇಲೆ, ಏಳು ಜನರಿಗೆ ದೇಹದ ಒಳಗೆ. ಗಾಳಿ ಪರೀಕ್ಷಿಸಿದರು, ಕೋಣೆ ಪರೀಕ್ಷಿಸಿದರು, ಹೆಚ್ಚೇನೂ ಸಿಗಲಿಲ್ಲ. ಕೊನೆಗೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅಂತ ಲೆಕ್ಕ ಹಾಕಿ ನೋಡಿದರೆ, ಕಂಕುಳಲ್ಲಿ ಇಟ್ಟು ಜ್ವರ ಅಳೆಯೋ, ತೊಳೆದು ಮತ್ತೆ ಬಳಸೋ ಪ್ರೋಬ್ ಎದ್ದು ಕಂಡಿತು. ಆ ಪ್ರೋಬ್‌ಗಳ ಮೇಲೆ ಯೀಸ್ಟ್ ಸಿಕ್ಕಿತು. ಅದರ ಡಿಎನ್‌ಎಯೂ ರೋಗಿಗಳ ಯೀಸ್ಟಿನ ಡಿಎನ್‌ಎಯೂ ಒಂದೇ ಗುಂಪಿನವು. ಪ್ರೋಬ್ ತೆಗೆದುಹಾಕಿದ ಮೇಲೆ ಹೊಸ ಪ್ರಕರಣಗಳು ಇಳಿದವು.

ಇದನ್ನು ಓದಿದ ರಾತ್ರಿ ನನಗೆ ನನ್ನ ಫೋನ್ ನೆನಪಾಯ್ತು. ಅಜ್ಜಿಗೆ ಅಪ್ಪನ ಮುಖ ತೋರಿಸೋಕೆ ವೀಡಿಯೋ ಕಾಲ್ ಮಾಡಿ, ಫೋನನ್ನು ಅಪ್ಪನ ಎದೆ ಪಕ್ಕ ಹಾಸಿಗೆ ಮೇಲೆ ಒರಗಿಸಿ ಇಟ್ಟಿದ್ದೆ. ಐದು ನಿಮಿಷ. ಹೊರಗೆ ಬಂದ ಮೇಲೆ ಪಕ್ಕದ ಬೆಡ್‌ನವರ ಮಗ "ಅಣ್ಣಾ, ಚಾರ್ಜ್ ಹೋಯ್ತು, ಒಂದು ಕಾಲ್ ಮಾಡ್ಲಾ" ಅಂದ. ಕೊಟ್ಟೆ. ಅವನು ಮಾತಾಡಿ ವಾಪಸ್ ಕೊಟ್ಟು ಅವರಪ್ಪನನ್ನು ನೋಡೋಕೆ ಒಳಗೆ ಹೋದ. ಅಲ್ಲಿಯವರೆಗೆ ನಾನು ಕೇಳ್ತಿದ್ದದ್ದು ನಮಗೆ ಯಾರು ಕೊಟ್ಟರು ಅಂತ. ನಾವು ಯಾರಿಗೆ ಕೊಟ್ಟಿರಬಹುದು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಮಾರನೇ ದಿನ ಡಾಕ್ಟರಮ್ಮನನ್ನು ಕೇಳಿದೆ. "ಮೇಡಂ, ಅಪ್ಪನ ಯೀಸ್ಟಿಗೆ ತಳಿ ಪರೀಕ್ಷೆ ಮಾಡಿಸೋಕಾಗುತ್ತಾ? ದುಡ್ಡು ನಾನೇ ಕೊಡ್ತೀನಿ."

ಅವರು ಸಿಟ್ಟಾಗಲಿಲ್ಲ. "ಅದರಿಂದ ನಿಮ್ಮ ತಂದೆಯ ಔಷಧಿ ಬದಲಾಗಲ್ಲ. ಯಾವ ಔಷಧಿಗೆ ಬಗ್ಗುತ್ತೆ ಅನ್ನೋ ಟೆಸ್ಟ್ ಮಾಡಿಸಿದ್ದೀವಿ, ಅದು ಮುಖ್ಯ. ತಳಿ ಪರೀಕ್ಷೆ ಒಬ್ಬ ರೋಗಿಗಲ್ಲ, ವಾರ್ಡಿಗೆ. ಮೂರ್ನಾಲ್ಕು ಜನರ ಸ್ಯಾಂಪಲ್ ಇಟ್ಟುಕೊಂಡು ಹೋಲಿಸಬೇಕು, ದೊಡ್ಡ ಸೆಂಟರಿಗೆ ಕಳಿಸಬೇಕು. ಇಲ್ಲಿ ಅದು ಮಾಮೂಲಿಯಾಗಿ ನಡೆಯಲ್ಲ" ಅಂದರು. ಸ್ವಲ್ಪ ತಡೆದು, "ಈ ತಿಂಗಳು ನಿಮ್ಮ ತಂದೆ ಮೂರನೆಯವರು" ಅಂತ ಸೇರಿಸಿದರು. ಅದನ್ನು ನನಗೆ ಹೇಳಲೇಬೇಕು ಅಂತಿರಲಿಲ್ಲ. ಹೇಳಿದರು. ಅದಕ್ಕೆ ಅವರ ಮೇಲೆ ಗೌರವ ಇದೆ.

ತಳಿ ಪರೀಕ್ಷೆ ಆಗಲಿಲ್ಲ. ಆದರೆ ಅಮ್ಮನಿಗೆ ಹೇಳೋಕೆ ಇಷ್ಟು ಸಾಕಾಯ್ತು. "ಅಮ್ಮ, ಈ ಯೀಸ್ಟ್ ಹರಡೋದು ಹೆಚ್ಚಾಗಿ ಆಸ್ಪತ್ರೆಗಳಲ್ಲೇ. ಹಾಸಿಗೆ ಕಂಬಿ, ಬಿಪಿ ಪಟ್ಟಿ, ತೊಳೆಯದ ಕೈ. ಅದೇ ಐಸಿಯುನಲ್ಲಿ ಇನ್ನೂ ಇಬ್ಬರಿಗೆ ಇತ್ತು. ಅವರ ಹಣೆಗೆ ನೀನು ವಿಭೂತಿ ಹಚ್ಚಿದ್ಯಾ?" ಅಮ್ಮ ನಗಲಿಲ್ಲ, ಆದರೆ ಅವತ್ತು ಎರಡು ತುತ್ತು ಜಾಸ್ತಿ ಉಂಡಳು.

ಹಾಗಂತ ಎಲ್ಲವನ್ನೂ ನರ್ಸುಗಳ ತಲೆಗೆ ಕಟ್ಟೋದೂ ತಪ್ಪು. ಒಬ್ಬ ಸಿಸ್ಟರ್ ರಾತ್ರಿ ಪಾಳಿಯಲ್ಲಿ ಮೂರು ಬೆಡ್ ನೋಡ್ಕೊಳ್ತಿದ್ದರು. ಈ ಯೀಸ್ಟ್ ಒಣ ಜಾಗದ ಮೇಲೂ ವಾರಗಟ್ಟಲೆ ಬದುಕುತ್ತೆ. ನೆಲ ಒರೆಸೋ ಕೆಲವು ಮಾಮೂಲಿ ಸೋಂಕುನಿವಾರಕಗಳಿಗೆ ಸರಿಯಾಗಿ ಸಾಯಲ್ಲ, ಕ್ಲೋರಿನ್ ಇರೋ ದ್ರಾವಣ ಬೇಕು. ಇಷ್ಟೆಲ್ಲ ಗೊತ್ತಿದ್ದರೂ ಕೊನೆಗೆ ಫಲ ಕೊಡೋದು ಹಳೇ ಪಾಠವೇ. ಚಂಡೀಗಢದ ಪಿಜಿಐ ಮಕ್ಕಳ ವಿಭಾಗದಲ್ಲಿ 1996ರಿಂದ 1998ರ ನಡುವೆ 23 ತಿಂಗಳು ಪಿಚಿಯಾ ಅನೋಮಲ ಅನ್ನೋ ಇನ್ನೊಂದು ಯೀಸ್ಟ್ 379 ಶಿಶುಗಳಿಗೆ, ಮಕ್ಕಳಿಗೆ ತಗುಲಿತ್ತು. ಹತೋಟಿಗೆ ಬಂದಿದ್ದು ಕೈ ತೊಳೆಯೋ ಬಗ್ಗೆ ಸಿಬ್ಬಂದಿಗೆ ಮತ್ತೆ ಪಾಠ ಮಾಡಿ, ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗೆ ಮುಂಚಿತವಾಗಿ ಔಷಧಿ ಕೊಟ್ಟ ಮೇಲೆ.

ಅಪ್ಪ ಉಳಿದರು. ದಿನಾ ಡ್ರಿಪ್‌ನಲ್ಲಿ ಹೋಗುತ್ತಿದ್ದ ಮೈಕಾಫಂಜಿನ್ ಔಷಧಿಯ ಬಿಲ್ಲು ಆ ವರ್ಷದ ಅಡಿಕೆಯ ಖೇಣಿ ದುಡ್ಡನ್ನು ತಿಂದು ಹಾಕಿತು. ಕತ್ತಿನ ಲೈನ್ ತೆಗೆದು ಬೇರೆ ಹಾಕಿದರು. ರಕ್ತ ಸ್ವಚ್ಛವಾಯಿತು. ಬಿಡುಗಡೆ ದಿನ ಡಾಕ್ಟರಮ್ಮ ಆ ಮೂರನೇ ಹಾಳೆ ತೋರಿಸಿ ಹೇಳಿದರು: "ಮನೆಯಲ್ಲಿ ಭಯ ಬೇಡ, ಆರೋಗ್ಯವಂತರಿಗೆ ಇದರಿಂದ ತೊಂದರೆ ಆಗೋದು ತೀರಾ ಕಡಿಮೆ. ಕೈ ತೊಳೀರಿ ಸಾಕು. ಆದರೆ ಚರ್ಮದ ಮೇಲೆ ತಿಂಗಳುಗಟ್ಟಲೆ ಉಳಿದಿರಬಹುದು. ಇನ್ನು ಮುಂದೆ ಯಾವ ಆಸ್ಪತ್ರೆಗೆ ಹೋದರೂ ಈ ಹಾಳೆ ಮೊದಲು ತೋರಿಸಿ."

ಈಗ ಮತ್ತೆ ಪಡಸಾಲೆಗೆ ಬರೋಣ.

ನಿಜ ಹೇಳ್ತೀನಿ, ಮಾವನ ಮಾತು ಕೇಳಿ ನನ್ನ ಮನಸ್ಸೂ ವಾಲಿತ್ತು. ಯಾಕೆಂದರೆ ಹಿಂದಿನ ವಾರ ಒಂದು ಆಸ್ಪತ್ರೆಯಲ್ಲಿ ಹಾಳೆ ತೋರಿಸಿದ್ದೆ. ಕೌಂಟರಿನವರು ಒಳಗೆ ಹೋಗಿ ಬಂದು "ಸದ್ಯಕ್ಕೆ ಬೆಡ್ ಇಲ್ಲ" ಅಂದಿದ್ದರು. ಹತ್ತು ನಿಮಿಷದ ಹಿಂದೆ ಇತ್ತು. ಅಪ್ಪನಿಗೆ ಕೆಮ್ಮಿದರೆ ಹೊಟ್ಟೆ ಹಿಡಿದುಕೊಳ್ಳೋ ಹಾಗಾಗ್ತಿತ್ತು. ಒಂದು ಹಾಳೆ ಮರೆತು ಬಂದೆ ಅಂದರೆ ಯಾರು ಕೇಳ್ತಾರೆ?

ಅಪ್ಪ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಮಾವನನ್ನು ನೋಡಿ ಕೇಳಿದರು. "ನಮ್ಮ ಕೆಳಗಿನ ತೋಟದಲ್ಲಿ ಹದಿನೆಂಟು ಮರ ಹೋದ್ವಲ್ಲ, ಯಾಕೆ ಹೋದ್ವು ಹೇಳು."

ಮಾವನಿಗೆ ಗೊತ್ತು. ನಮ್ಮ ಕಡೆ ಅಡಿಕೆ ಬೆಳೆಯೋರಿಗೆಲ್ಲ ಗೊತ್ತು. ಅಣಬೆ ರೋಗ. ಅದೂ ಒಂದು ಶಿಲೀಂಧ್ರವೇ. ಬೇರಿನಿಂದ ಬೇರಿಗೆ ಹರಡುತ್ತೆ. ಗರಿ ಹಳದಿಯಾಗಿ ಜೋತುಬಿದ್ದು, ಬುಡದಲ್ಲಿ ಕಂದು ಅಂಟು ಸೋರಿ, ಅಣಬೆ ಎದ್ದು ಕಾಣೋ ಹೊತ್ತಿಗೆ ಆ ಮರದ ಕಥೆ ಮುಗಿದಿರುತ್ತೆ. ಉಳಿದ ಮರ ಉಳಿಸಬೇಕಂದರೆ ರೋಗದ ಮರದ ಸುತ್ತ ಎರಡಡಿ ಅಗಲ, ಎರಡು ಮೂರಡಿ ಆಳ ಕಂದಕ ಹೊಡೆದು ಬೇರಿನ ಸಂಪರ್ಕ ಕಡಿಯಬೇಕು. ಆದರೆ ಮೊದಲು ರೋಗ ಇದೆ ಅಂತ ಗೊತ್ತಾಗಬೇಕಲ್ಲ. ಪಕ್ಕದ ತೋಟದವರು ಖೇಣಿ ಕಡಿಮೆಯಾಗುತ್ತೆ ಅಂತ, ಸತ್ತ ಎರಡು ಮರವನ್ನು ರಾತ್ರೋರಾತ್ರಿ ಕಡಿದು, ಬುಡಕ್ಕೆ ಮಣ್ಣು ಎಳೆದು ಸುಮ್ಮನಾಗಿದ್ದರು. ಎರಡು ವರ್ಷದ ಮೇಲೆ ನಮ್ಮ ಬದುವಿನ ಸಾಲು ಹಳದಿಯಾಯ್ತು.

"ಅವತ್ತು ನಾನು ಅವನನ್ನ ಏನೇನು ಬೈದೆ ಅಂತ ನೀನೇ ಕೇಳಿದ್ದೀಯ. ಈಗ ನಾನೂ ಬುಡಕ್ಕೆ ಮಣ್ಣು ಎಳೆದು ಹೋಗಿ ಮಲಗ್ಲಾ?" ಅಪ್ಪ ಅಷ್ಟೇ ಹೇಳಿದ್ದು.

ಮಾವ ಕಾಫಿ ಲೋಟ ಎತ್ತಿಕೊಂಡರು. ಅದು ತಣ್ಣಗಾಗಿತ್ತು. ಹಾಗೇ ಕುಡಿದರು.

ಮಾರನೇ ದಿನ ಇನ್ನೊಂದು ಆಸ್ಪತ್ರೆಗೆ ಹೋದೆವು. ಮೂರನೇ ಹಾಳೆಯನ್ನು ಎಲ್ಲಕ್ಕಿಂತ ಮೇಲಿಟ್ಟು ಕೊಟ್ಟೆ. ಸರ್ಜನ್ ಓದಿದರು, ಮುಖ ಸ್ವಲ್ಪ ಬಿಗಿಯಾಯ್ತು. ಸೋಂಕು ನಿಯಂತ್ರಣದ ಸಿಸ್ಟರನ್ನು ಕರೆಸಿದರು. ಆಕೆ ಅಪ್ಪನ ಕಂಕುಳು, ತೊಡೆಸಂದಿಯಿಂದ ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ ತಗೊಂಡು, "ಹೇಳಿದ್ದು ಒಳ್ಳೇದಾಯ್ತು. ಮುಕ್ಕಾಲು ಜನ ಹೇಳಲ್ಲ" ಅಂದರು. ನಾಲ್ಕು ದಿನದ ಮೇಲೆ ರಿಪೋರ್ಟ್ ಬಂತು. ಹತ್ತು ತಿಂಗಳು ಕಳೆದಿದ್ದರೂ ಕಂಕುಳಲ್ಲಿ ಅದಿನ್ನೂ ಇತ್ತು.

ಆಪರೇಷನ್ ಮಾಡಿದರು. ಅವತ್ತಿನ ಪಟ್ಟಿಯಲ್ಲಿ ಅಪ್ಪನದು ಕೊನೆಯದು, ಆಮೇಲೆ ಥಿಯೇಟರ್ ಪೂರ್ತಿ ತೊಳೆಯೋಕೆ ಸಮಯ ಇರಲಿ ಅಂತ. ವಾರ್ಡಿನ ತುದಿಯಲ್ಲಿ ಒಂಟಿ ಕೋಣೆ. ಅದಕ್ಕೆ ದಿನದ ಬಾಡಿಗೆ ಜಾಸ್ತಿ, ಇನ್ಶೂರೆನ್ಸ್‌ನವರು ಅರ್ಧಕ್ಕೆ ಒಪ್ಪಲಿಲ್ಲ, ನಾನು ಕಟ್ಟಿದೆ. ಬಾಗಿಲ ಮೇಲೆ ಹಳದಿ ಚೀಟಿ. ಮಂಚಕ್ಕೆ ನೇತುಹಾಕಿದ ಬಿಪಿ ಪಟ್ಟಿ, ಥರ್ಮಾಮೀಟರ್ ಅಪ್ಪನಿಗೆ ಮಾತ್ರ, ಅವುಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬೆಡ್ ನಂಬರ್. ನಾನು ಒಳಗೆ ಹೋಗುವಾಗ ಫೋನ್ ಹೊರಗೆ ಅಮ್ಮನ ಕೈಯಲ್ಲಿ ಕೊಟ್ಟು ಹೋಗ್ತಿದ್ದೆ. ಅಮ್ಮ ವಿಭೂತಿಯ ಪೊಟ್ಟಣ ತಂದಿದ್ದಳು. ಸಿಸ್ಟರನ್ನು ಕೇಳಿದಳು. ಅವರು "ಗಾಯದ ಹತ್ರ, ಲೈನ್ ಹತ್ರ ಬೇಡಮ್ಮ. ಕೈ ತೊಳೆದು ಹಣೆಗೆ ಹಚ್ಚಿ, ಬರುವಾಗ ಮತ್ತೆ ತೊಳೀರಿ" ಅಂದರು. ಅಮ್ಮ ಎರಡು ಸಲವೂ ಮೊಣಕೈವರೆಗೆ ತೊಳೆದಳು.

ಮೂರನೇ ದಿನ ಅಪ್ಪ ದಿಂಬಿಗೆ ಒರಗಿ ಕೂತು, ಬಾಗಿಲಾಚೆ ಗೌನು ಕಟ್ಟಿಕೊಳ್ತಿದ್ದ ಸಿಸ್ಟರನ್ನು ನೋಡ್ತಾ ಇದ್ದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಕಂದಕ ಚೆನ್ನಾಗಿ ಹೊಡೆದವ್ರೆ ಬಿಡಪ್ಪ. ಪಕ್ಕದ ಮರಕ್ಕೆ ಹೋಗಲ್ಲ."

ಆ ಹಾಳೆ ಈಗ ಫೈಲಿನಲ್ಲಿ ಮೂರನೆಯದಲ್ಲ, ಮೊದಲನೆಯದು. ಲ್ಯಾಮಿನೇಟ್ ಮಾಡಿಸಿದ್ದೀನಿ. ನಿಮ್ಮ ಮನೆಯಲ್ಲಿ ಯಾರಾದರೂ ಐಸಿಯುನಿಂದ ಬಂದಿದ್ದರೆ, ಇವತ್ತು ರಾತ್ರಿ ಒಂದು ಸಲ ಅವರ ಡಿಸ್ಚಾರ್ಜ್ ಚೀಟಿಯನ್ನು ಪೂರ್ತಿ ಓದಿ. ಕಲ್ಚರ್ ರಿಪೋರ್ಟ್ ಇದ್ದರೆ ಫೋಟೋ ತೆಗೆದು ಇಟ್ಕೊಳ್ಳಿ. ಮುಂದಿನ ಆಸ್ಪತ್ರೆಯಲ್ಲಿ ಅವರು ಕೇಳೋದಕ್ಕೆ ಮುಂಚೆ ನೀವೇ ತೋರಿಸಿ.